ಹೆಡ್‌ಫೋನಿನೊಳಗಿನ ಟ್ರಾನ್ಸ್

ಸಾವಿರಾರು ಜನ ಒಟ್ಟಾಗಿ ಕುಣಿಯಲೆಂದು, ಎದೆಗೂಡನ್ನೇ ಅದುರಿಸುವ ಭಾರಿ ಸ್ಪೀಕರುಗಳಿಗೆಂದು ಹುಟ್ಟಿದ ಸಂಗೀತವನ್ನು ಒಬ್ಬರೇ ಕುರ್ಚಿಯಲ್ಲಿ ಕುಳಿತು ಹೆಡ್‌ಫೋನಿನಲ್ಲಿ ಕೇಳುವುದು ಆ ಸಂಗೀತಕ್ಕೆ ಮಾಡುವ ಅನ್ಯಾಯವೆಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಒಳ್ಳೆಯ ಹೆಡ್‌ಫೋನ್ ಕೊಂಡವರು ಅದರಲ್ಲಿ ಜಾಜ್ ಗಾಯನವನ್ನೋ ಪಿಯಾನೊ ವಾದನವನ್ನೋ ಕೇಳಬೇಕೇ ಹೊರತು ಯಂತ್ರಗಳಿಂದ ಹೊರಟ ಸದ್ದನ್ನಲ್ಲ ಎಂಬ ಮಾತೂ ಅಷ್ಟೇ ಹಳೆಯದು. ಮೊದಲನೆಯದು ನೃತ್ಯಪ್ರಿಯರ ನಿಲುವು, ಎರಡನೆಯದು ಶುದ್ಧ ಧ್ವನಿಯ ಉಪಾಸಕರದು. ಇವೆರಡರ ನಡುವೆ, ಎರಡೂ ಕಡೆಯವರಿಂದ ಅಷ್ಟಾಗಿ ಮನ್ನಣೆ ಪಡೆಯದೆ, ಟ್ರಾನ್ಸ್ ಮತ್ತು ಅದರ ಆಸುಪಾಸಿನ ಎಲೆಕ್ಟ್ರಾನಿಕ್ ಸಂಗೀತವನ್ನು ಹೆಡ್‌ಫೋನಿನಲ್ಲೇ ಕೇಳುತ್ತ ಬೆಳೆದ, ಕೇಳಿದ್ದನ್ನು ಪರಸ್ಪರ ಶಿಫಾರಸು ಮಾಡುತ್ತ ಬಂದ ಒಂದು ಕೇಳುಗವರ್ಗವಿದೆ. 2000ದ ನಂತರದ ವರ್ಷಗಳಲ್ಲಿ ಬೆಂಗಳೂರಿನ ಅಂಥದೊಂದು ಚಿಕ್ಕ ಗುಂಪಿನೊಡನೆ ಒಡನಾಡಿದ ಲೇಖಕನ ನೆನಪುಗಳೇ ಈ ಬರಹಕ್ಕೆ ಆಧಾರ. ಟ್ರಾನ್ಸ್ ಮೂಲತಃ ಕಾಯುವಿಕೆಯ ಸಂಗೀತ, ಆ ಕಾಯುವಿಕೆಯ ಒಳವಿವರಗಳು ಪೂರ್ತಿಯಾಗಿ ಕಿವಿಗೆ ಬೀಳುವುದು ಹೆಡ್‌ಫೋನಿನಲ್ಲಿ ಎಂಬ ನಂಬಿಕೆ ಗಟ್ಟಿಯಾದದ್ದು ಆ ಒಡನಾಟದಲ್ಲೇ.

ನಿಮಿಷಕ್ಕೆ ಸುಮಾರು 125ರಿಂದ 150 ಬಡಿತಗಳ ವೇಗದಲ್ಲಿ, ಪ್ರತಿ ಬಡಿತಕ್ಕೂ ಕಿಕ್ ಡ್ರಮ್ಮಿನ ಒಂದೊಂದು ಏಟು ಬೀಳುವ ನಾಲ್ಕು ಮಾತ್ರೆಯ ಆವರ್ತದ ಮೇಲೆ, ಸಿಂಥಸೈಜರಿನ ಪುಟ್ಟ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ನುಡಿಸುತ್ತ, ಪ್ರತಿ ಸಲವೂ ಅವುಗಳ ಬಣ್ಣವನ್ನು ತುಸುವೇ ಬದಲಿಸುತ್ತ ಸಾಗುವ ಸಂಗೀತಕ್ಕೆ ಟ್ರಾನ್ಸ್ ಎಂದು ಹೆಸರು. 1990ರ ದಶಕದ ಆರಂಭದಲ್ಲಿ ಇದು ಜರ್ಮನಿಯಲ್ಲಿ ರೂಪುಗೊಂಡಿತು. ಫ್ರಾಂಕ್‌ಫರ್ಟಿನಲ್ಲಿ ಸ್ವೆನ್ ಫೇಟ್ ಮತ್ತು ಅವರ ಸಂಗಡಿಗರು ಓಮೆನ್ ಎಂಬ ಕ್ಲಬ್ಬನ್ನೂ ಐ ಕ್ಯೂ ಎಂಬ ಧ್ವನಿಮುದ್ರಣ ಸಂಸ್ಥೆಯನ್ನೂ ನಡೆಸುತ್ತಿದ್ದರೆ, ಗೋಡೆ ಬಿದ್ದ ಹೊಸತರ ಬರ್ಲಿನಿನಲ್ಲಿ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಮಾರ್ಕ್ ರೀಡರ್ ಅವರ ಎಂಎಫ್‌ಎಸ್ ಸಂಸ್ಥೆ ಪೂರ್ವ ಜರ್ಮನಿಯಲ್ಲಿ ಹುಟ್ಟಿದ್ದ ಪಾಲ್ ವ್ಯಾನ್ ಡೈಕ್ ಅವರಂಥ ಯುವಕರಿಗೆ ದಾರಿ ಮಾಡಿಕೊಟ್ಟಿತು. ಜಾಮ್ ಅಂಡ್ ಸ್ಪೂನ್ ಜೋಡಿಯ 1992ರ 'ಸ್ಟೆಲ್ಲಾ', ಎನರ್ಜಿ 52 ಹೆಸರಿನಲ್ಲಿ 1993ರಲ್ಲಿ ಬಂದ 'ಕೆಫೆ ಡೆಲ್ ಮಾರ್', ವ್ಯಾನ್ ಡೈಕ್ ಅವರ 1994ರ 'ಫಾರ್ ಆನ್ ಏಂಜೆಲ್' ಈ ಮೊದಲ ಘಟ್ಟದ ಕೃತಿಗಳು. 1996ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಜೆಪಿ-8000 ಎಂಬ ಸಿಂಥಸೈಜರಿನಲ್ಲಿ 'ಸೂಪರ್ ಸಾ' ಎಂಬ ಹೊಸ ನಾದವಿತ್ತು. ಗರಗಸದ ಹಲ್ಲಿನಾಕಾರದ ಏಳು ಅಲೆಗಳನ್ನು ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಒಟ್ಟಿಗೆ ನುಡಿಸಿದಾಗ ಹೊಮ್ಮುವ ಆ ತುಂಬು ನಾದವೇ ಮುಂದೆ ಫೆರಿ ಕಾರ್‌ಸ್ಟನ್ ಮತ್ತಿತರ ಡಚ್ ಕಲಾವಿದರ ಕೃತಿಗಳ ಗುರುತಾಯಿತು. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನೆದರ್‌ಲ್ಯಾಂಡ್ಸಿನ ಟಿಯೆಸ್ಟೊ ನುಡಿಸಿದಾಗ, ಹತ್ತು ಹನ್ನೆರಡು ವರ್ಷಗಳ ಹಿಂದೆ ನೆಲಮಾಳಿಗೆಗಳಲ್ಲಿದ್ದ ಸಂಗೀತ ಇಡೀ ಜಗತ್ತಿನ ದೂರದರ್ಶನದ ಪರದೆಗೆ ಬಂದಿತ್ತು.

ಬೆಂಗಳೂರಿನ ಆ ಗುಂಪಿಗೆ ಹೆಡ್‌ಫೋನ್ ಮೊದಲು ಒದಗಿದ್ದು ಅನಿವಾರ್ಯದ ವಸ್ತುವಾಗಿ. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗರು ಮಲ್ಲೇಶ್ವರ, ಜಯನಗರ, ಬಿಟಿಎಂ ಬಡಾವಣೆಗಳ ಮಹಡಿ ಕೋಣೆಗಳಲ್ಲಿ ಬಾಡಿಗೆಗಿದ್ದರು. ಕೆಳಗೆ ಮನೆ ಮಾಲೀಕರು, ಪಕ್ಕದಲ್ಲಿ ಪರೀಕ್ಷೆಗೆ ಓದುವ ಮಕ್ಕಳು, ರಾತ್ರಿ ಹತ್ತರ ನಂತರ ಕಿಕ್ ಡ್ರಮ್ಮಿನ ಒಂದು ಏಟೂ ಗೋಡೆ ದಾಟುವಂತಿರಲಿಲ್ಲ. ಸಂಗೀತ ಸಿಗುತ್ತಿದ್ದದ್ದು ಎಂಪಿ3 ಕಡತಗಳ ರೂಪದಲ್ಲಿ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುವ ಮಾಹಿತಿಯನ್ನು 128 ಕಿಲೋಬಿಟ್‌ಗೆ ಇಳಿಸಿ, ಕಿವಿ ಗಮನಿಸಲಾರದೆಂದು ಲೆಕ್ಕ ಹಾಕಿದ ಅಂಶಗಳನ್ನು ಬಿಟ್ಟುಬಿಡುವ ಈ ವಿಧಾನದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು ಒಂದು ಎಂ.ಬಿ. ಜಾಗ ಸಾಕಾಗುತ್ತಿತ್ತು, ಆದರೂ ಹತ್ತು ನಿಮಿಷದ ಒಂದು ಕೃತಿ ಡಯಲ್-ಅಪ್ ಸಂಪರ್ಕದಲ್ಲಿ ಇಳಿದು ಬರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಹಾಗಾಗಿ ಕೈಯಿಂದ ಕೈಗೆ ಹೋಗುತ್ತಿದ್ದ ಸಿ.ಡಿ.ಗಳಲ್ಲಿ ತುಂಬಿರುತ್ತಿದ್ದದ್ದು ಬಹುಪಾಲು ರೇಡಿಯೊ ಆವೃತ್ತಿಗಳು, ಅಂದರೆ ಬಾನುಲಿ ಪ್ರಸಾರಕ್ಕೆಂದು ಮೂರು ನಾಲ್ಕು ನಿಮಿಷಕ್ಕೆ ಕತ್ತರಿಸಿದ ರೂಪಗಳು. ಈ ಸಣ್ಣ ಸಂಗತಿ ಗುಂಪಿನ ಅಭಿರುಚಿಯ ಮೇಲೆ ಬೀರಿದ ಪರಿಣಾಮ ದೊಡ್ಡದು.

ಗುಂಪಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ಬಂದ ಗೆಳೆಯನೊಬ್ಬನಿದ್ದ. ಧಾರವಾಡದ ಬೈಠಕ್‌ಗಳಲ್ಲಿ ತಂದೆಯ ಪಕ್ಕ ಕುಳಿತು ಮಲ್ಲಿಕಾರ್ಜುನ ಮನಸೂರರ ಪರಂಪರೆಯ ಗಾಯನ ಕೇಳುತ್ತಲೇ ಬೆಳೆದವನು ಅವನು. ಕಾರ್‌ಸ್ಟನ್ ಅವರು ಸಿಸ್ಟಮ್ ಎಫ್ ಹೆಸರಿನಲ್ಲಿ ರಚಿಸಿದ 'ಔಟ್ ಆಫ್ ದ ಬ್ಲೂ' ಕೃತಿಯ ರೇಡಿಯೊ ಆವೃತ್ತಿಯನ್ನು ಲೇಖಕ ಅವನಿಗೆ ಬಹಳ ಉತ್ಸಾಹದಿಂದ ಕೇಳಿಸಿದಾಗ, ಅವನು ಹೆಡ್‌ಫೋನ್ ತೆಗೆದಿಟ್ಟು ಆಡಿದ್ದು ಒಂದೇ ಮಾತು: "ಏನಪಾ, ಬರೇ ದ್ರುತ್ ಅಷ್ಟ ಕೇಳಿಸಿದೆಲ್ಲ, ವಿಲಂಬಿತ್ ಎಲ್ಲೈತಿ?" ಖಯಾಲ್ ಗಾಯನದಲ್ಲಿ ರಾಗವನ್ನು ಮೊದಲು ಅತಿ ನಿಧಾನದ ವಿಲಂಬಿತ ಲಯದಲ್ಲಿ ಸ್ವರಸ್ವರವಾಗಿ ಬಿಡಿಸಿ, ಆ ಮೇಲಷ್ಟೇ ವೇಗದ ದ್ರುತ್‌ಗೆ ಬರುವ ಕ್ರಮವನ್ನು ಬಲ್ಲವನಿಗೆ, ಏರುವ ದಾರಿಯನ್ನು ಕಿತ್ತುಹಾಕಿ ತುದಿಯನ್ನಷ್ಟೇ ಕೊಟ್ಟಂತೆ ಕಂಡದ್ದು ಸಹಜವೇ ಆಗಿತ್ತು. ಪೂರ್ಣ ಆವೃತ್ತಿಯನ್ನು ತರಿಸಿ ಕೊಟ್ಟ ಮೇಲೆ ಅವನೇ ಗುಂಪಿನ ಅತ್ಯಂತ ಗಂಭೀರ ಟ್ರಾನ್ಸ್ ಕೇಳುಗನಾದ. ಟ್ರಾನ್ಸನ್ನು ಯಾರಿಗಾದರೂ ಶಿಫಾರಸು ಮಾಡುವುದೆಂದರೆ ಒಂದು ಹಾಡಿನ ಹೆಸರು ಹೇಳುವುದಲ್ಲ, ಎಷ್ಟು ಹೊತ್ತು ಕಾಯಬೇಕೆಂದು ಹೇಳಿಕೊಡುವುದು ಎಂಬ ತಿಳಿವಳಿಕೆ ಗುಂಪಿನಲ್ಲಿ ನೆಲೆಯೂರಿದ್ದು ಆ ಸಂಜೆಯ ನಂತರ.

ಕಾಯುವಿಕೆಯ ಈ ಮಾತನ್ನು ರಚನೆಯ ಮಟ್ಟದಲ್ಲಿ ವಿವರಿಸಬಹುದು. ಟ್ರಾನ್ಸ್ ಕೃತಿಯ ಮೊದಲ ಒಂದೆರಡು ನಿಮಿಷಗಳಲ್ಲಿ ಕೇವಲ ತಾಳವಿರುತ್ತದೆ. ಡಿಜೆ, ಅಂದರೆ ಕೃತಿಗಳನ್ನು ಒಂದರೊಳಗೊಂದು ಬೆಸೆದು ನುಡಿಸುವ ಕಲಾವಿದ, ಹಿಂದಿನ ಕೃತಿಯ ಬಾಲಕ್ಕೆ ಇದರ ತಲೆಯನ್ನು ಜೋಡಿಸಲು ಬಿಟ್ಟ ಜಾಗ ಅದು. ನಂತರ ಎಂಟು, ಹದಿನಾರು, ಮೂವತ್ತೆರಡು ಆವರ್ತಗಳ ಘಟಕಗಳಲ್ಲಿ ಒಂದೊಂದೇ ಪದರ ಸೇರುತ್ತದೆ. ನಿಮಿಷಕ್ಕೆ 138 ಬಡಿತಗಳ ವೇಗದಲ್ಲಿ ಮೂವತ್ತೆರಡು ಆವರ್ತಗಳಿಗೆ ಹೆಚ್ಚುಕಡಿಮೆ 56 ಸೆಕೆಂಡು ಹಿಡಿಯುತ್ತದೆ, ಅಂದರೆ ಸುಮಾರು ಒಂದು ನಿಮಿಷಕ್ಕೊಮ್ಮೆ ಸಂಗೀತದ ಆಕಾರ ಬದಲಾಗುತ್ತದೆ. ನಡುವೆ ಒಂದೆಡೆ ತಾಳವೆಲ್ಲ ಕಳಚಿಬಿದ್ದು, ಉದ್ದನೆಯ ಸ್ವರಗಳೂ ಅವುಗಳ ಪ್ರತಿಧ್ವನಿಯೂ ಮಾತ್ರ ಉಳಿಯುತ್ತವೆ. ಬ್ರೇಕ್‌ಡೌನ್ ಎಂದು ಕರೆಯಲಾಗುವ ಈ ಭಾಗದಲ್ಲಿ ಕೃತಿಯ ಮುಖ್ಯ ರಾಗರೇಖೆ ಮೊದಲ ಬಾರಿಗೆ ಪೂರ್ತಿ ಮೈತೋರುತ್ತದೆ. ಕುಣಿಯುವ ಜನಸಂದಣಿಯಲ್ಲಿ ಈ ಹೊತ್ತಿಗೆ ಕೇಕೆ, ಶಿಳ್ಳೆಗಳು ಏಳುವುದರಿಂದ ಮೆಲುದನಿಯ ಭಾಗವೇ ಅತಿ ಕಡಿಮೆ ಕೇಳಿಸುತ್ತದೆ. ಹೆಡ್‌ಫೋನಿನಲ್ಲಾದರೆ ಕಿಕ್ ನಿಂತೊಡನೆ ತೆರೆಯುವ ಅವಕಾಶ, ಎಡಗಿವಿಯಿಂದ ಬಲಗಿವಿಗೆ ದಾಟುತ್ತ ಕ್ಷೀಣಿಸುವ ಪ್ರತಿಧ್ವನಿ, ಹಿಂದೆಲ್ಲೋ ಕಾಣದಂತೆ ಶುರುವಾಗಿ ಏರುತ್ತ ಬರುವ ಬಿಳಿಸದ್ದು, ಇವೆಲ್ಲ ಒಂದೊಂದಾಗಿ ಎಣಿಸಬಹುದಾದಷ್ಟು ಸ್ಪಷ್ಟ. ಸೈಡ್‌ಚೈನ್ ಎಂಬ ತಂತ್ರದಲ್ಲಿ ಪ್ರತಿ ಕಿಕ್ ಏಟಿಗೂ ಹಿನ್ನೆಲೆಯ ಸ್ವರಗಳ ಗಟ್ಟಿತನವನ್ನು ಕ್ಷಣಮಾತ್ರ ತಗ್ಗಿಸಿ ಮತ್ತೆ ಏರಿಸುತ್ತಾರೆ. ನೃತ್ಯಸಭೆಯಲ್ಲಿ ಅದು ಒತ್ತಡವಾಗಿ ಮೈಗೆ ತಟ್ಟಿದರೆ, ಹೆಡ್‌ಫೋನಿನಲ್ಲಿ ಉಸಿರಾಟದಂತೆ ಕಿವಿಗೆ ಸಿಗುತ್ತದೆ.

ಶುದ್ಧ ಧ್ವನಿಯ ಉಪಾಸಕರ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಪಿಟೀಲು ನಿಜದಲ್ಲಿ ಹೇಗೆ ನುಡಿಯುತ್ತದೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಹೆಡ್‌ಫೋನಿನ ಪ್ರಾಮಾಣಿಕತೆಯನ್ನು ಅಳೆಯಬಹುದು, ಸಿಂಥಸೈಜರಿಗೆ ಅಂಥ ಮೂಲವೇ ಇಲ್ಲ, ಆದ್ದರಿಂದ ಅದು ಪರೀಕ್ಷೆಗೆ ಬಾರದು ಎಂಬುದು ಅವರ ವಾದ. ಈ ವಾದ ಮೇಲ್ನೋಟಕ್ಕೆ ಸರಿಯೆನಿಸಿದರೂ ಎಲೆಕ್ಟ್ರಾನಿಕ್ ಸಂಗೀತದ ಎರಡು ಗುಣಗಳನ್ನು ಅದು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲನೆಯದಾಗಿ, ಇಲ್ಲಿ ಕಿಕ್ ಡ್ರಮ್ಮಿನ ಏಟು ಸಾಮಾನ್ಯವಾಗಿ ಪ್ರತಿ ಸಲವೂ ಒಂದೇ. ಮನುಷ್ಯನ ಕೈ ನುಡಿಸುವ ತಬಲಾದಲ್ಲಿ ಎರಡು ಏಟು ಒಂದೇ ರೀತಿ ಇರಲಾರವು, ಯಂತ್ರದಲ್ಲಿ ಇರಬಲ್ಲವು. ಕೃತಿಯ ನಡುವೆ ಒಂದು ಹೆಡ್‌ಫೋನ್ ತೆಗೆದು ಇನ್ನೊಂದನ್ನು ಹಾಕಿಕೊಂಡರೆ, ಕೇಳಿಬರುವ ವ್ಯತ್ಯಾಸ ಬಹುಮಟ್ಟಿಗೆ ಹೆಡ್‌ಫೋನಿನದೇ. ಎರಡನೆಯದು ಫಿಲ್ಟರಿನ ಚಲನೆ. ನಾದದ ಮೇಲ್ಭಾಗದ ಕಂಪನಗಳನ್ನು ತಡೆಹಿಡಿದು ಆಮೇಲೆ ಮೆಲ್ಲಗೆ ಬಿಡುತ್ತ ಬರುವ ಸಾಧನವೇ ಫಿಲ್ಟರ್. ಮಂದವಾಗಿ, ಮುಚ್ಚಿದಂತೆ ಕೇಳುತ್ತಿದ್ದ ಸ್ವರಗುಚ್ಛವೊಂದು ಒಂದು ನಿಮಿಷದ ಅವಧಿಯಲ್ಲಿ ಕ್ರಮೇಣ ತೆರೆದುಕೊಂಡು ಪ್ರಖರವಾಗುವಾಗ, ಅದು ಕೆಳಗಿನಿಂದ ಮೇಲಿನವರೆಗೆ ಶ್ರವಣದ ಹರಹಿನ ಬಹುಭಾಗವನ್ನು ಮೆಲ್ಲಗೆ ಹಾದುಹೋಗುತ್ತದೆ. ಹೆಡ್‌ಫೋನಿನ ಸ್ವಭಾವದಲ್ಲಿ ಎಲ್ಲಿಯಾದರೂ ಉಬ್ಬಿದ್ದರೆ ಅಲ್ಲಿ ನಾದ ಮುಂದಕ್ಕೆ ಜಿಗಿಯುತ್ತದೆ, ತಗ್ಗಿದ್ದರೆ ಹಿಂದೆ ಸರಿಯುತ್ತದೆ. ಸಾಶಾ ಅವರ 1999ರ 'ಎಕ್ಸ್‌ಪ್ಯಾಂಡರ್' ಎಂಬ ಹನ್ನೊಂದು ನಿಮಿಷ ಮೀರಿದ ಕೃತಿಯನ್ನು ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770ರಲ್ಲಿ ಕೇಳುವಾಗ, ಸುಮಾರು 8 ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ ಆ ಹೆಡ್‌ಫೋನಿಗಿರುವ ಉಬ್ಬು ಚುರುಕು ಮುಟ್ಟಿಸುವಂತೆ ಗೊತ್ತಾಗುತ್ತಿತ್ತು; ಗಾಯನ ಕೇಳುವಾಗ ಅದೇ ದೋಷ 'ಸ'ಕಾರಗಳಲ್ಲಿ ಅಲ್ಲಲ್ಲಿ ಇಣುಕುತ್ತಿತ್ತೇ ಹೊರತು ಇಷ್ಟು ನಿಚ್ಚಳವಾಗಿ ಕೈಗೆ ಸಿಗುತ್ತಿರಲಿಲ್ಲ.

ಹಾಗೆಂದು ಡಿಟಿ 770 ಕೀಳಾದುದೆಂದು ಗುಂಪಿನಲ್ಲಿ ಯಾರೂ ತಿಳಿಯಲಿಲ್ಲ. ಕಿವಿಯ ಸುತ್ತ ಪೂರ್ತಿ ಮುಚ್ಚುವ ಅದರ ಬಟ್ಟಲುಗಳು ಕಿಕ್‌ಗೂ ಬೇಸ್‌ಗೂ, ಅಂದರೆ 50–60 ಹರ್ಟ್ಸಿನ ಆಸುಪಾಸಿನ ಕೆಳನಾದಕ್ಕೆ, ಕೊಡುವ ಮೈಕಟ್ಟನ್ನು ಮೆಚ್ಚಿದವರೇ ಹೆಚ್ಚು. ಅದರ ಎದುರು ಪಕ್ಷದಲ್ಲಿದ್ದದ್ದು ಸೆನ್‌ಹೈಸರ್ ಕಂಪನಿ 1997ರಲ್ಲಿ ಹೊರತಂದ ಎಚ್‌ಡಿ 600. ಹೊರಬದಿಗೆ ಜಾಲರಿಯಷ್ಟೇ ಇರುವ, ಗಾಳಿಯೂ ಸದ್ದೂ ಒಳಹೊರಗೆ ಆಡುವ ತೆರೆದ ಮಾದರಿ ಅದು. 1968ರಲ್ಲಿ ಅದೇ ಕಂಪನಿಯ ಎಚ್‌ಡಿ 414ರಿಂದ ಆರಂಭವಾದ ಪರಂಪರೆಗೆ ಸೇರಿದ್ದು. ಅತಿ ಕೆಳಗಿನ ನಾದ ಅದರಲ್ಲಿ ಸೊರಗಿದರೂ ಮಧ್ಯಮ ಶ್ರೇಣಿಯ ಸ್ವರಗಳು ಇದ್ದಂತೆಯೇ ಬರುತ್ತವೆ. ತಾಳದ ಹುರುಪಿಗಾಗಿ ಕೇಳುವವರಿಗೆ ಮುಚ್ಚಿದ ಮಾದರಿಯನ್ನೂ, 'ಸ್ಟೆಲ್ಲಾ'ದಂಥ ಸೌಮ್ಯ ಕೃತಿಗಳನ್ನು ಬಯಸುವವರಿಗೆ ತೆರೆದ ಮಾದರಿಯನ್ನೂ ಹೇಳುವುದು ಅಲ್ಲಿನ ವಾಡಿಕೆ. ಈ ವಾಡಿಕೆಗೆ ಲೇಖಕನ ಪೂರ್ಣ ಸಮ್ಮತಿಯಿಲ್ಲ. ಎಚ್‌ಡಿ 600ರಲ್ಲಿ ಕಿಕ್ಕಿನ ತೂಕ ತಗ್ಗಿದಾಗಲೇ ಅದರ ಅಡಿಯಲ್ಲಿ ಓಡುವ ಬೇಸ್ ಸ್ವರಗಳ ನಡೆ ಬಿಡಿಬಿಡಿಯಾಗಿ ಗೊತ್ತಾಗುತ್ತದೆ, ವೇಗದ ಕೃತಿಗಳಿಗೆ ಅದು ಹೆಚ್ಚೇ ಒಪ್ಪುತ್ತದೆ.

ಆದರೆ ಎಚ್‌ಡಿ 600ರ ವಿದ್ಯುತ್ ಪ್ರತಿರೋಧ 300 ಓಮ್. ಎರಡು ಬ್ಯಾಟರಿಯ ಸಣ್ಣ ಪ್ಲೇಯರುಗಳು ಅದಕ್ಕೆ ಬೇಕಾದ ವೋಲ್ಟೇಜು ಕೊಡಲಾರವು. ಧ್ವನಿ ಏರಿಸಿದರೆ ಕಿಕ್ ಬಿದ್ದಾಗಲೆಲ್ಲ ಅಲೆಯ ತುದಿ ಕತ್ತರಿಸಿಹೋಗಿ ಒಡಕು ದನಿ ಬರುತ್ತಿತ್ತು. ಅಮೆರಿಕದ ಹವ್ಯಾಸಿ ಚೂ ಮಾಯ್ ಅವರು ರೂಪಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ, ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹಿಡಿಸುವಂಥ ಪುಟ್ಟ ಆಂಪ್ಲಿಫೈಯರಿನ ನಕ್ಷೆ ಆಗ ಕೆಲಸಕ್ಕೆ ಬಂತು. ಬೇಕಾದ ಬಿಡಿಭಾಗಗಳೆಲ್ಲ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಬಿಡಿ ಬಿಡಿಯಾಗಿ ಸಿಗುತ್ತಿದ್ದವು: ಎಂಟು ಕಾಲಿನ ಒಂದು ಚಿಪ್, 9 ವೋಲ್ಟಿನ ಬ್ಯಾಟರಿ, ಆ ಬ್ಯಾಟರಿಯನ್ನು ಸಮಪಾಲು ಮಾಡಲು 4.7 ಕಿಲೋಓಮಿನ ಎರಡು ರೆಸಿಸ್ಟರು, 220 ಮೈಕ್ರೋಫ್ಯಾರಡಿನ ಎರಡು ಕೆಪ್ಯಾಸಿಟರು. ಪೆಪ್ಪರ್‌ಮಿಂಟ್ ಡಬ್ಬಿಯ ಬದಲು ಯಾರದೋ ಅಜ್ಜಿಯ ಎಲೆಅಡಿಕೆಯ ಚಿಕ್ಕ ಡಬ್ಬಿ ಒದಗಿತು. ಬೆಸುಗೆ ಮುಗಿದ ಮೇಲೆ ಹೆಡ್‌ಫೋನ್ ಚುಚ್ಚುವ ಮುನ್ನ ಮಲ್ಟಿಮೀಟರ್ ಹಿಡಿದು, ಹೊರಬರುವ ತಂತಿಯಲ್ಲಿ ನೇರ ವಿದ್ಯುತ್ತು ಸೊನ್ನೆಗೆ ಹತ್ತಿರವಿದೆಯೇ ಎಂದು ನೋಡುವುದು ಕಡ್ಡಾಯ. ಹಾಗಿಲ್ಲದಿದ್ದರೆ, ತಿಂಗಳ ಸಂಬಳ ಕೂಡಿಟ್ಟು, ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ತರಿಸಿದ ಹೆಡ್‌ಫೋನಿನ ಸುರುಳಿ ಸುಟ್ಟುಹೋಗುವ ಅಪಾಯವಿತ್ತು. ಆ ಡಬ್ಬಿಯ ಮೂಲಕ ಕೇಳಿದ ಮೊದಲ ರಾತ್ರಿ ಗುಂಪಿನವರೆಲ್ಲ ಸರದಿಯಲ್ಲಿ ಕೇಳಿದ್ದು 'ಕೆಫೆ ಡೆಲ್ ಮಾರ್'. ಅದೇ ಸಂದರ್ಭದಲ್ಲಿ ಎಂಪಿ3ಯ ಮಿತಿಯೂ ಬಯಲಾಯಿತು. ಹೈಹ್ಯಾಟ್, ಅಂದರೆ ಕಂಚಿನ ಜೋಡಿತಟ್ಟೆಯ ಚಿಣ್ ಎನ್ನಬೇಕಾದ ಸದ್ದು, 128 ಕಿಲೋಬಿಟ್ಟಿನ ಕಡತದಲ್ಲಿ ನೀರಿನಲ್ಲಿ ಅದ್ದಿದಂತೆ ಸೊರಸೊರ ಎನ್ನುತ್ತಿತ್ತು. ಅಂದಿನಿಂದ ಗುಂಪು ಮೂಲ ಸಿ.ಡಿ.ಗಳನ್ನು ಹುಡುಕಲು ಶುರುಮಾಡಿತು.

ತೊಂದರೆ ಬೇರೊಂದೂ ಇತ್ತು. ಸ್ಪೀಕರಿನಲ್ಲಿ ಎಡಬದಿಯ ಸದ್ದು ಬಲಗಿವಿಗೂ ತುಸು ತಡವಾಗಿ, ತುಸು ಮೆತ್ತಗೆ ತಲುಪುತ್ತದೆ, ಹೆಡ್‌ಫೋನಿನಲ್ಲಿ ತಲುಪುವುದಿಲ್ಲ. ಇದರಿಂದ ಕೆಲವರಿಗೆ ಸಂಗೀತ ತಲೆಯೊಳಗೇ ಸಿಕ್ಕಿಕೊಂಡಂತೆನಿಸಿ ದಣಿವಾಗುತ್ತದೆ. ಎರಡು ಬದಿಗಳನ್ನೂ ಅಳತೆಗೆ ತಕ್ಕಂತೆ ಬೆರೆಸಿ ಈ ಕೊರತೆ ತುಂಬುವ ಉಪಾಯವನ್ನು ಬೆಂಜಮಿನ್ ಬಾಯರ್ 1961ರಷ್ಟು ಹಿಂದೆಯೇ ಸೂಚಿಸಿದ್ದರು. ಕ್ರಾಸ್‌ಫೀಡ್ ಎಂದು ಅದಕ್ಕೆ ಹೆಸರು. ವಾದ್ಯವೃಂದಗಳಿಗೆ ಅದು ಒಪ್ಪಬಹುದು. ಟ್ರಾನ್ಸಿಗೆ ಬೇಡವೆಂಬುದು ಲೇಖಕನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ಸದ್ದು ಎರಡು ಬದಿಗಳ ನಡುವೆ ಚಿಮ್ಮುವುದೇ ರಚನೆಯ ಭಾಗ, ಅದು ಅನುಕರಿಸಬೇಕಾದ ವೇದಿಕೆಯೇನೂ ಹೊರಗಿಲ್ಲ.

ಭಾರತದ ನೆಲಕ್ಕೆ ಈ ಸಂಗೀತದ ನಂಟು ಆಳವಾದುದು. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಂದು ಗೋವಾದಲ್ಲಿ ನೆಲೆಸಿ 2023ರಲ್ಲಿ ತೀರಿಕೊಂಡ ಗೋವಾ ಗಿಲ್ ಮತ್ತು ಅವರ ಜೊತೆಗಾರರು ಅಂಜುನಾದ ಕಡಲತೀರದಲ್ಲಿ ಇರುಳಿಡೀ ನಡೆಸುತ್ತಿದ್ದ ಕೂಟಗಳಿಂದ ಗೋವಾ ಟ್ರಾನ್ಸ್ ಎಂಬ ಶಾಖೆ ಬೆಳೆಯಿತು. ಅಲ್ಲಿಂದ ದಕ್ಷಿಣಕ್ಕೆ ಸರಿದ ಅಲೆಮಾರಿ ಪ್ರವಾಸಿಗರ ಜೊತೆ ಅದು ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಿಗೂ ಬಂತು. ಯುರೋಪಿನ ಟ್ರಾನ್ಸಿನಂತೆ ಇದರಲ್ಲಿ ಸ್ವರಸಂಗತಿಗಳು ಬದಲಾಗುತ್ತ ಹೋಗುವುದಿಲ್ಲ. ಒಂದೇ ಆಧಾರಸ್ವರದ ಮೇಲೆ ಬೇಸ್ ನಿಲ್ಲದೆ ಓಡುತ್ತದೆ, ಅದರ ಮೇಲೆ ನಾದದ ಬಣ್ಣಗಳು ಹೊರಳುತ್ತವೆ. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಇದು ಅಪರಿಚಿತವೆನಿಸದು. ಇದಕ್ಕೂ ಮೊದಲೇ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರ, ಟಿಆರ್-808 ತಾಳಯಂತ್ರ ಮತ್ತು ಜ್ಯೂಪಿಟರ್-8 ಸಿಂಥಸೈಜರುಗಳಲ್ಲಿ ಭೈರವಿ, ಲಲಿತ, ಯಮನ್, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ನುಡಿಸಿ ಒಂದು ಆಲ್ಬಂ ಮಾಡಿದ್ದರು. ಆಗ ಅದನ್ನು ಕೇಳಿದವರು ವಿರಳ. 2010ರಲ್ಲಿ ಅದು ಮರುಬಿಡುಗಡೆಯಾದಾಗ, 1987ರ ಸುಮಾರಿಗೆ ಷಿಕಾಗೊದಲ್ಲಿ ಹೊಸತೆಂದು ಮೆರೆದ ಆಸಿಡ್ ಹೌಸ್ ಸಂಗೀತದ ನಾದ ಮುಂಬಯಿಯಲ್ಲಿ ಐದು ವರ್ಷ ಮೊದಲೇ ಮೊಳಗಿತ್ತೆಂದು ಜಗತ್ತಿಗೆ ಗೊತ್ತಾಯಿತು. ಹುಬ್ಬಳ್ಳಿಯ ಗೆಳೆಯ ಆ ವೇಳೆಗೆ ಬೇರೆ ದೇಶ ಸೇರಿದ್ದರೂ, ಆಲ್ಬಮಿನ ಹೆಸರನ್ನು ಮೊದಲು ಬರೆದು ತಿಳಿಸಿದವನು ಅವನೇ; ಲಲಿತದ ಎರಡು ಮಧ್ಯಮಗಳು ಯಂತ್ರದಲ್ಲಿ ಒಂದರಿಂದೊಂದಕ್ಕೆ ಜಾರುವ ಪರಿಯನ್ನು ಹೆಡ್‌ಫೋನಿನಲ್ಲೇ ಕೇಳಬೇಕೆಂಬ ಒತ್ತಾಯವೂ ಜೊತೆಗಿತ್ತು.

ಧ್ವನಿಯ ಮಟ್ಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಏರುತ್ತ ಹೋಗುವುದೇ ಈ ಸಂಗೀತದ ಸ್ವಭಾವವಾದ್ದರಿಂದ ಕೇಳುಗನ ಕೈಯೂ ಅದರ ಜೊತೆ ಧ್ವನಿಯನ್ನು ಏರಿಸುತ್ತ ಹೋಗುತ್ತದೆ. ಮೆಲುದನಿಯಲ್ಲಿ ಮನುಷ್ಯನ ಕಿವಿಗೆ ಕೆಳನಾದ ಕಡಿಮೆ ಕೇಳಿಸುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು; ಬೇಸಿನ ಆಸೆಗೆ ಧ್ವನಿ ಏರಿಸುವುದಕ್ಕೆ ಇದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬಲ್ ಮಿತಿ, 90 ಡೆಸಿಬಲ್ ಮಟ್ಟದಲ್ಲಾದರೆ ವಾರಕ್ಕೆ ನಾಲ್ಕೇ ಗಂಟೆ. ಬ್ರೇಕ್‌ಡೌನಿನ ಮೆಲುಭಾಗದಲ್ಲಿ ಧ್ವನಿ ಏರಿಸಿಟ್ಟು ತಾಳ ಮರಳಿದಾಗ ಹಾಗೆಯೇ ಬಿಡುವ ಅಭ್ಯಾಸ ಎಲ್ಲಕ್ಕಿಂತ ಅಪಾಯಕರ. ಕಿಕ್ ಮೊದಲು ಬೀಳುವಾಗ ಹಿತವೆನಿಸುವ ಮಟ್ಟಕ್ಕೆ ಗುಂಡಿಯನ್ನು ನಿಲ್ಲಿಸಿ, ಕೃತಿ ಮುಗಿಯುವವರೆಗೆ ಅದನ್ನು ಮುಟ್ಟದಿರುವ ನಿಯಮ ಆ ಗುಂಪಿನಲ್ಲಿ ಎಲ್ಲರೂ ಪಾಲಿಸುತ್ತಿದ್ದದ್ದು. ಈಗ ಹೊಸಬರಿಗೂ ಮೊದಲು ಹೇಳುವುದು ಅದನ್ನೇ.

ಇಂದು ಯಾರಾದರೂ ಕೇಳಿದರೆ ಲೇಖಕ ಹೇಳುವ ಕ್ರಮ ಹೆಚ್ಚೇನೂ ಬದಲಾಗಿಲ್ಲ. ತಾಳದ ಅಬ್ಬರಕ್ಕೆ ಅಂಜುವವರಿಗೆ 'ಸ್ಟೆಲ್ಲಾ', ರಾಗರೇಖೆ ಬೇಕೆನ್ನುವವರಿಗೆ 'ಕೆಫೆ ಡೆಲ್ ಮಾರ್', ತಾಳ್ಮೆಯಿದ್ದವರಿಗೆ 'ಎಕ್ಸ್‌ಪ್ಯಾಂಡರ್', ಶಾಸ್ತ್ರೀಯ ಸಂಗೀತದಿಂದ ಬಂದವರಿಗೆ ಚರಣ್‌ಜಿತ್ ಸಿಂಗ್. ಅವರೆಲ್ಲರಿಗೂ ಕೊನೆಗೆ ಶ್ಪೋಂಗಲ್ ಜೋಡಿಯ 1998ರ 'ಆರ್ ಯು ಶ್ಪೋಂಗಲ್ಡ್?' ಆಲ್ಬಮಿನ ಕಡೆಯ, ಹೆಚ್ಚುಕಡಿಮೆ ಇಪ್ಪತ್ತು ನಿಮಿಷದ ಕೃತಿ. ಕೊಳಲೂ ಯಂತ್ರವೂ ಒಂದೇ ಅವಕಾಶದಲ್ಲಿ ಇಷ್ಟು ಹತ್ತಿರ ಕುಳಿತು ನುಡಿಯುವುದನ್ನು ಸ್ಪೀಕರಿನಲ್ಲಿ ಕೇಳಿದವರು ಹೆಡ್‌ಫೋನಿನಲ್ಲಿ ಮತ್ತೊಮ್ಮೆ ಕೇಳಲೇಬೇಕು. ಕೇಳಿ ಬಂದವರನ್ನು ಹಿಡಿಸಿತೇ ಎಂದು ವಿಚಾರಿಸುವುದಕ್ಕಿಂತ, ಎಷ್ಟನೆಯ ನಿಮಿಷದಲ್ಲಿ ಗಮನ ಬೇರೆಡೆ ಹೋಯಿತೆಂದು ವಿಚಾರಿಸುವುದು ಉಪಯುಕ್ತ. ಮೊದಲ ಎರಡು ನಿಮಿಷದಲ್ಲೇ ಎಂದವರಿಗೆ ಒಂದು ಇಡೀ ಡಿಜೆ ಸೆಟ್ಟನ್ನು ಕೊಡುವುದು ವಾಸಿ, ಅದರಲ್ಲಿ ಬರಿಯ ತಾಳದ ಆರಂಭಗಳು ಹಿಂದಿನ ಕೃತಿಯ ಅಡಿಯಲ್ಲಿ ಮರೆಯಾಗಿರುತ್ತವೆ. ಬ್ರೇಕ್‌ಡೌನಿನ ನಂತರ ಎಂದವರಿಗೆ ತಾಳವೇ ಇಲ್ಲದ ಆಂಬಿಯೆಂಟ್ ಸಂಗೀತವನ್ನು, ಬ್ರಯನ್ ಈನೊ ಅವರ ಕೃತಿಗಳಿಂದ ಆರಂಭಿಸಿ, ಕೊಡಬಹುದು.